ಕಾಗದದ ಶಂಕುವಿನ ಶತಮಾನ

ವಿದ್ಯುತ್ತಿನಿಂದ ನಾದವನ್ನು ಹೊರಡಿಸುವ ಯಂತ್ರಸರಣಿಯಲ್ಲಿ ವಿಚಿತ್ರವಾದ ಅಸಮಾನತೆಯೊಂದು ಇದೆ. 1925ರಲ್ಲಿ ರೇಡಿಯೊ ಪೆಟ್ಟಿಗೆಗಳೊಳಗೆ ಮಿನುಗುತ್ತಿದ್ದ ಗಾಜಿನ ವಾಲ್ವುಗಳು ಟ್ರಾನ್ಸಿಸ್ಟರಿಗೆ ಎಡೆಗೊಟ್ಟು, ಟ್ರಾನ್ಸಿಸ್ಟರು ಉಗುರಿನಗಲದ ಸಿಲಿಕಾನ್ ಬಿಲ್ಲೆಯೊಳಗೆ ಅಡಗಿ, ಅರಗಿನ ತಟ್ಟೆಗಳು ಟೇಪಿಗೂ ಟೇಪು ಅಂಕಿಗಳ ರಾಶಿಗೂ ಸ್ಥಾನವನ್ನು ಬಿಟ್ಟುಕೊಟ್ಟ ಮೇಲೆಯೂ, ಅದೇ ವರ್ಷದಲ್ಲಿ ರೂಪುಗೊಂಡ ಧ್ವನಿವರ್ಧಕವೊಂದನ್ನು ಇಂದಿನ ರಿಪೇರಿಗಾರನ ಮುಂದೆ ಇಟ್ಟರೆ ಆತನು ಅದರ ಕಾಗದದ ಶಂಕುವನ್ನೂ ತಂತಿಯ ಸುರುಳಿಯನ್ನೂ ಅಯಸ್ಕಾಂತವನ್ನೂ ಕಂಡೊಡನೆಯೇ ಗುರುತಿಸಬಲ್ಲನು. ಎಲೆಕ್ಟ್ರಾನುಗಳನ್ನು ನಿಯಂತ್ರಿಸುವ ವಿದ್ಯೆ ನಾಗಾಲೋಟದಿಂದ ಓಡಿತು. ಗಾಳಿಯನ್ನು ಅಲುಗಿಸುವ ವಿದ್ಯೆ ಹೆಜ್ಜೆಹೆಜ್ಜೆಗೂ ತಡವರಿಸಿತು. ಎಲೆಕ್ಟ್ರಾನಿಗೆ ಭಾರವೆಂಬುದು ಇಲ್ಲವೆನ್ನುವಷ್ಟು ಅಲ್ಪ. ಗಾಳಿಗಾದರೋ ಜಡತೆಯುಂಟು, ಕಾಗದಕ್ಕೆ ತೂಕವುಂಟು, ಪೆಟ್ಟಿಗೆಗೆ ಗಾತ್ರವುಂಟು, ಮತ್ತು ಈ ಮೂರನ್ನೂ ಆಳುವ ನಿಯಮಗಳೊಡನೆ ಚೌಕಾಸಿಗೆ ಅವಕಾಶವಿಲ್ಲ. ಧ್ವನಿವರ್ಧಕದ ಚರಿತ್ರೆಯು ಹೊಸ ತತ್ತ್ವಗಳ ಆವಿಷ್ಕಾರಕ್ಕಿಂತ ಹೆಚ್ಚಾಗಿ, ಮೊದಲೇ ಕೈಗೆ ಬಂದಿದ್ದ ಒಂದು ತತ್ತ್ವವನ್ನು ಮನುಷ್ಯನು ನಿಧಾನವಾಗಿ ಅರ್ಥಮಾಡಿಕೊಂಡ ಕಥೆಯಾಗಿದೆ.

ಆ ತತ್ತ್ವ ಸರಳವಾದುದು. ಅಯಸ್ಕಾಂತದ ಎರಡು ಧ್ರುವಗಳ ನಡುವಣ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದನ್ನು ತೂಗಬಿಟ್ಟು ಅದರಲ್ಲಿ ವಿದ್ಯುತ್ಪ್ರವಾಹವನ್ನು ಹರಿಸಿದರೆ ಸುರುಳಿಯು ಮುಂದಕ್ಕೋ ಹಿಂದಕ್ಕೋ ನೂಕಲ್ಪಡುತ್ತದೆ. ಪ್ರವಾಹವು ಸ್ವರದ ಏರಿಳಿತವನ್ನು ಅನುಸರಿಸಿದರೆ ಸುರುಳಿಯೂ, ಅದಕ್ಕೆ ಅಂಟಿಸಿದ ಪಟಲವೂ, ಪಟಲದ ಮುಂದಣ ಗಾಳಿಯೂ ಅದನ್ನೇ ಅನುಸರಿಸುತ್ತವೆ. ಬರ್ಲಿನ್ನಿನ ವೆರ್ನರ್ ಸೀಮೆನ್ಸ್ ಇಂಥ ಚಲಿಸುವ ಸುರುಳಿಯ ಸಾಧನಕ್ಕೆ 1874ರಲ್ಲಿಯೇ ಪೇಟೆಂಟನ್ನು ಪಡೆದಿದ್ದನು. ಆದರೆ ಅಲೆಗ್ಸಾಂಡರ್ ಗ್ರಹಾಮ್ ಬೆಲ್ಲನ ಟೆಲಿಫೋನು ಲೋಕಕ್ಕೆ ಬರಲು ಇನ್ನೂ ಎರಡು ವರ್ಷ ಉಳಿದಿದ್ದುದರಿಂದ ಸೀಮೆನ್ಸನ ಮನಸ್ಸಿನಲ್ಲಿ ಇದ್ದುದು ಯಾಂತ್ರಿಕ ಚಲನೆಯೇ ಹೊರತು ನಾದವಲ್ಲ. 1877ರ ಕೊನೆಗೆ ಆತನು ಅದೇ ಸಾಧನಕ್ಕೆ ಚರ್ಮಪತ್ರದ ಪಟಲವನ್ನು ಜೋಡಿಸಿ, ಅದು ಕಹಳೆಯ ಬಾಯಿಯಂತೆ ಅಗಲವಾಗುತ್ತ ಹೋಗುವ ಆಕೃತಿಯನ್ನೂ ವರ್ಣಿಸಿ ಮತ್ತೊಂದು ಪೇಟೆಂಟನ್ನು ತೆಗೆದುಕೊಂಡನು. ಇಂದಿನ ಧ್ವನಿವರ್ಧಕದ ಅಂಗಾಂಗಗಳೆಲ್ಲವೂ ಕಾಗದದ ಮೇಲೆ ಅಂದೇ ಕೂಡಿಬಂದಿದ್ದುವೆಂದರೆ ಅತಿಶಯವಲ್ಲ. 1898ರಲ್ಲಿ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಅದೇ ಹಾದಿಯಲ್ಲಿ ನಡೆದು, ಸುರುಳಿಯನ್ನು ಸಂದಿನ ನಡುವೆ ಸರಿಯಾಗಿ ನಿಲ್ಲಿಸುವ ಉಪಾಯಗಳನ್ನು ಸೂಚಿಸಿದನು. ಇವರಿಬ್ಬರ ಕೈಯಲ್ಲೂ ಇಲ್ಲದಿದ್ದುದು ಸುರುಳಿಯನ್ನು ಅಲುಗಿಸಲು ಸಾಲುವಷ್ಟು ಬಲವಾದ ಸಂಕೇತ. ಲೀ ಡಿ ಫಾರೆಸ್ಟನು 1906ರಲ್ಲಿ ರಚಿಸಿದ ತ್ರಿವಿದ್ಯುದ್ವಾರ ವಾಲ್ವು, ಅದನ್ನು ಅನಂತರ ಬೆಲ್ ಸಂಸ್ಥೆಯ ಹೆರಾಲ್ಡ್ ಆರ್ನಲ್ಡ್ ಮೊದಲಾದವರು ತಿದ್ದಿ ವರ್ಧಕವಾಗಿ ಪಳಗಿಸಿದ ಕಾರ್ಯ, ಇವು ಆಗುವವರೆಗೆ ಲಾಡ್ಜನ ಉಪಕರಣವು ಮಾತು ಬಲ್ಲ ಮೂಗನಂತೆ ಉಳಿಯಬೇಕಾಯಿತು.

ಡೆನ್ಮಾರ್ಕಿನಿಂದ ಬಂದಿದ್ದ ಪೀಟರ್ ಜೆನ್ಸೆನ್ ಮತ್ತು ಅಮೆರಿಕದ ಎಡ್ವಿನ್ ಪ್ರಿಡಮ್ ಎಂಬಿಬ್ಬರು 1911ರ ಸುಮಾರಿಗೆ ಕ್ಯಾಲಿಫೋರ್ನಿಯದ ನಾಪಾ ಎಂಬ ಚಿಕ್ಕ ಊರಿನಲ್ಲಿ ಪ್ರಯೋಗಗಳಿಗೆ ತೊಡಗಿದಾಗ ಅವರ ಗುರಿ ಟೆಲಿಫೋನಿನ ಕಿವಿಗೊಳವೆಯನ್ನು ಸುಧಾರಿಸುವುದಾಗಿತ್ತು. ಸುಧಾರಿಸಿದ ಕಿವಿಗೊಳವೆಯನ್ನು ಕೊಳ್ಳುವವರಿಲ್ಲದೆ ಹೋದುದರಿಂದ ಅವರು ಅದಕ್ಕೆ ಗ್ರಾಮಫೋನಿನ ಕಹಳೆಯನ್ನು ಸಿಕ್ಕಿಸಿ ನೋಡಿದರು. ಧ್ವನಿಗ್ರಾಹಕವೂ ಕಹಳೆಯೂ ಪರಸ್ಪರ ಸಮೀಪವಾದೊಡನೆ ಎದ್ದ ಭೀಕರವಾದ ಊಳು, ಇಂದು ನಮ್ಮ ಸಭಾವೇದಿಕೆಗಳಲ್ಲಿ ಎಲ್ಲರೂ ಬಲ್ಲ ಅದೇ ಊಳು, ತಮ್ಮ ಕೈಗೆ ಎಂಥ ಶಕ್ತಿ ಸಿಕ್ಕಿದೆಯೆಂಬುದನ್ನು ಅವರಿಗೆ ತಿಳಿಸಿತು. ಲ್ಯಾಟಿನ್ನಿನ ಮಹಾಧ್ವನಿಯೆಂಬ ಪದಗಳಿಂದ ಅದಕ್ಕೆ ಮ್ಯಾಗ್ನವಾಕ್ಸ್ ಎಂದು ಹೆಸರಿಟ್ಟು, 1915ರ ಡಿಸೆಂಬರ್ 24ರ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ನಗರಭವನದ ಮುಂದೆ ಕ್ರಿಸ್ಮಸ್ ಗೀತೆಗಳನ್ನು ಹತ್ತಾರು ಸಾವಿರ ಜನರ ಸಭೆಗೆ ಕೇಳಿಸಿದರು. 1919ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ವುಡ್ರೊ ವಿಲ್ಸನ್ನನು ಸ್ಯಾನ್ ಡಿಯಾಗೊದ ಕ್ರೀಡಾಂಗಣದಲ್ಲಿ ಗಾಜಿನ ಗೂಡೊಂದರೊಳಗೆ ನಿಂತು, ರಾಷ್ಟ್ರಸಂಘದ ಪರವಾಗಿ ಸುಮಾರು ಐವತ್ತು ಸಾವಿರ ಮಂದಿಗೆ ಇದೇ ಯಂತ್ರದ ಮೂಲಕ ಭಾಷಣ ಮಾಡಿದನು. ಅಲ್ಲಿಯವರೆಗೆ ಒಬ್ಬ ನಾಯಕನ ಮಾತನ್ನು ಏಕಕಾಲದಲ್ಲಿ ಎಷ್ಟು ಜನ ಕೇಳಬಹುದೆಂಬುದಕ್ಕೆ ಆತನ ಕಂಠವೇ ಮಿತಿಯಾಗಿತ್ತು. ಆ ಮಿತಿ ಅಂದು ಮುರಿಯಿತು. ಇಪ್ಪತ್ತನೆಯ ಶತಮಾನದ ರಾಜಕೀಯವು ಅನಂತರ ಕಂಡ ಜನಸಾಗರಗಳೆಲ್ಲವೂ, ಶುಭವಾದುವೂ ಅಶುಭವಾದುವೂ, ಆ ಮುರಿದ ಗಡಿಯ ಆಚೆಗೇ ಸೇರಿದುವು.

ಕಹಳೆಯು ಧ್ವನಿಯನ್ನು ದೂರಕ್ಕೆ ಮುಟ್ಟಿಸಿತಾದರೂ ಅದನ್ನು ಶುದ್ಧವಾಗಿ ಮುಟ್ಟಿಸಲಿಲ್ಲ. ಉಯ್ಯಾಲೆಯು ತನ್ನ ಲಯಕ್ಕೆ ಹೊಂದಿಸಿ ನೂಕಿದವನಿಗೆ ಮಾತ್ರ ಎತ್ತರಕ್ಕೆ ಹಾರುವಂತೆ, ಕಂಪಿಸುವ ಪ್ರತಿಯೊಂದು ಪಟಲವೂ ತನ್ನ ಸಹಜವಾದ ಆವೃತ್ತಿಯಲ್ಲಿ ಅತಿಯಾಗಿ ಸ್ಪಂದಿಸುತ್ತದೆ; ಇದನ್ನೇ ಅನುರಣನೆಯೆನ್ನುವುದು. ಅಂದಿನ ಬಡಕಲು ವರ್ಧಕಗಳಿಂದ ಸಾಧ್ಯವಾದಷ್ಟು ಗಟ್ಟಿಯಾದ ಸದ್ದನ್ನು ಹಿಂಡಬೇಕೆಂಬ ಆತುರದಲ್ಲಿ ನಿರ್ಮಾಪಕರು ಈ ಅನುರಣನೆಯನ್ನು ಮಾನವಕಂಠದ ನಟ್ಟನಡುವಣ ಸ್ವರಗಳಲ್ಲಿ ಬುದ್ಧಿಪೂರ್ವಕವಾಗಿಯೇ ಇಡುತ್ತಿದ್ದರು. ಅದರಿಂದ ಮಾತು ಕಿವಿಗೆ ಬೀಳುತ್ತಿತ್ತು, ಸಂಗೀತ ಮಾತ್ರ ಮೂಗಿನಿಂದ ಹಾಡಿದಂತಾಗುತ್ತಿತ್ತು.

ಈ ಸ್ಥಿತಿಯನ್ನು ಬದಲಾಯಿಸಿದವರು ನ್ಯೂಯಾರ್ಕ್ ಪ್ರಾಂತದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ವಿಧಾನದಲ್ಲಿ ನನಗೆ ಬಹುಮುಖ್ಯವಾಗಿ ಕಾಣುವ ಗುಣವೆಂದರೆ, ತಮ್ಮದೊಂದು ಕಲ್ಪನೆಗೆ ಮರುಳಾಗದೆ ಅಂದು ಕೈಗೆಟುಕುತ್ತಿದ್ದ ನಾನಾ ಬಗೆಯ ಸಾಧನಗಳನ್ನು ಅವರು ಒಂದೊಂದಾಗಿ ಕಟ್ಟಿ, ಅಳೆದು, ಕೇಳಿ, ಹೋಲಿಸಿದ ತಾಳ್ಮೆ. ಈ ತುಲನೆಯ ಕೊನೆಗೆ ಅವರು ತಲಪಿದ ನಿರ್ಣಯ ಅಂದಿನ ರೂಢಿಗೆ ನೇರವಾಗಿ ವಿರುದ್ಧವಾದುದು. ಪಟಲದ ಸಹಜ ಆವೃತ್ತಿಯನ್ನು ಸ್ವರಗಳ ನಡುವಿನಿಂದ ಕಿತ್ತು, ಉಪಯೋಗಿಸಬೇಕಾದ ಸ್ವರಶ್ರೇಣಿಯ ತಳಕ್ಕೆ ಇಳಿಸಿಬಿಡಬೇಕು. ಶಂಕುವಿನ ಅಂಚನ್ನು ಮೆದುವಾಗಿ ಕಟ್ಟಿ, ಅದು ಹೆಚ್ಚುಕಡಿಮೆ ಸ್ವತಂತ್ರವಾಗಿ ತೇಲುವಂತೆ ಬಿಡಬೇಕು. ಹಾಗೆ ಬಿಟ್ಟಾಗ ಸ್ವರ ಏರಿದಂತೆಲ್ಲ ಶಂಕುವು ತನ್ನ ತೂಕದ ಕಾರಣದಿಂದ ಕಡಿಮೆ ವೇಗದಲ್ಲಿ ಚಲಿಸುತ್ತದೆ. ಆದರೆ ಚಿಕ್ಕ ಶಂಕುವಿನಿಂದ ಗಾಳಿಗೆ ಶಕ್ತಿಯು ದಾಟುವ ಅನುಕೂಲವಾದರೋ ಸ್ವರ ಏರಿದಂತೆಲ್ಲ ಹೆಚ್ಚುತ್ತದೆ. ಒಂದರ ಇಳಿತವನ್ನು ಇನ್ನೊಂದರ ಏರಿಕೆ ಸರಿತೂಗಿಸಿ, ವಿಶಾಲವಾದ ಸ್ವರಶ್ರೇಣಿಯೊಂದರಲ್ಲಿ ಧ್ವನಿಯ ಪ್ರಮಾಣವು ಸಮವಾಗಿ ನಿಲ್ಲುತ್ತದೆ. ಪ್ರಕೃತಿಯ ಎರಡು ದೋಷಗಳು ಹೀಗೆ ಪರಸ್ಪರ ರದ್ದಾಗುವುದನ್ನು ಕಂಡುಕೊಂಡುದೇ ಈ ಇಬ್ಬರ ಶಾಶ್ವತವಾದ ಸಾಧನೆ. ಶಂಕುವಿನ ಹಿಂಬದಿಯ ಅಲೆಯು ಸುತ್ತಿಬಂದು ಮುಂಬದಿಯ ಅಲೆಯನ್ನು ನುಂಗದಂತೆ ನಡುವೆ ಅಗಲವಾದ ಹಲಗೆಯನ್ನು ಇಡಬೇಕೆಂಬುದನ್ನೂ ಅವರು ತೋರಿಸಿದರು. ಕಹಳೆ ಮಾಯವಾಯಿತು.

ಅವರ ಪ್ರಬಂಧ 1925ರಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಗಿ, ಮರುವರ್ಷವೇ ರೇಡಿಯೋಲಾ 104 ಎಂಬ ಹೆಸರಿನ ಯಂತ್ರವು ಮಾರುಕಟ್ಟೆಗೆ ಬಂದಿತು. ಅದರೊಳಗೆ ವರ್ಧಕವೂ ಸೇರಿದ್ದಿತು. ಬೆಲೆ ಸುಮಾರು 250 ಡಾಲರು, ಎಂದರೆ ಅಂದು ಫೋರ್ಡ್ ಕಂಪೆನಿಯ ಅತ್ಯಂತ ಅಗ್ಗದ ಕಾರಿಗೆ ತೆರಬೇಕಾಗಿದ್ದಷ್ಟೇ ಹಣ. ಹೀಗಿದ್ದೂ ಕೆಲವೇ ವರ್ಷಗಳಲ್ಲಿ ಬೇರೆಲ್ಲ ವಿನ್ಯಾಸಗಳೂ ಮನೆಬಳಕೆಯಿಂದ ಹಿಂದೆ ಸರಿದುವು. ಈ ಆವಿಷ್ಕಾರದ ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಚರಿತ್ರಕಾರರು ಒಮ್ಮತಕ್ಕೆ ಬಂದಿಲ್ಲ. ತತ್ತ್ವವನ್ನು ಮೊದಲು ಬರೆದಿಟ್ಟವನಿಗೆ ಎಂಬುವರು ಸೀಮೆನ್ಸನನ್ನೂ, ಅದನ್ನು ಮೊದಲು ಜನರ ಕಿವಿಗೆ ಮುಟ್ಟಿಸಿದವರಿಗೆ ಎಂಬುವರು ಜೆನ್ಸೆನ್ ಮತ್ತು ಪ್ರಿಡಮ್ಮರನ್ನೂ ಎತ್ತಿಹಿಡಿಯುತ್ತಾರೆ. ಇಂಗ್ಲೆಂಡಿನಲ್ಲಿ ಪಾಲ್ ವಾಯ್ಟ್ ಅದೇ ಕಾಲದಲ್ಲಿ ಚಲಿಸುವ ಸುರುಳಿಯ ಮೇಲೆ ಸ್ವತಂತ್ರವಾಗಿ ಕೆಲಸಮಾಡುತ್ತಿದ್ದನೆಂಬುದನ್ನು ಆಂಗ್ಲ ಲೇಖಕರು ನೆನಪಿಸುತ್ತಾರೆ. ನನ್ನ ಮಟ್ಟಿಗೆ ಈ ವ್ಯಾಜ್ಯದಲ್ಲಿ ಭಾರವಾಗಿ ತೂಗುವುದು ಅರಿವು. ಸುರುಳಿಯನ್ನು ಅನೇಕರು ಅಲುಗಿಸಿದ್ದರು. ಅದು ಎಲ್ಲಿ, ಏಕೆ ಸಮವಾಗಿ ನುಡಿಯುತ್ತದೆಂಬುದನ್ನು ಲೆಕ್ಕದಿಂದ ತಿಳಿಸಿಕೊಟ್ಟವರು ರೈಸ್ ಮತ್ತು ಕೆಲಾಗ್.

ಕಹಳೆ ಮನೆಯನ್ನು ಬಿಟ್ಟರೂ ಚಿತ್ರಮಂದಿರವನ್ನು ಬಿಡಲಿಲ್ಲ. ಹಲಗೆಗೆ ಕೂರಿಸಿದ ಶಂಕುವು ತನಗೆ ದೊರೆತ ವಿದ್ಯುಚ್ಛಕ್ತಿಯಲ್ಲಿ ನೂರಕ್ಕೆ ಒಂದೋ ಎರಡೋ ಪಾಲನ್ನು ಮಾತ್ರ ನಾದವಾಗಿ ಪರಿವರ್ತಿಸಿ, ಉಳಿದುದೆಲ್ಲವನ್ನೂ ಸುರುಳಿಯ ಬಿಸಿಯಾಗಿ ಕಳೆಯುತ್ತದೆ. ಕಹಳೆಯಾದರೋ ಅದರ ಹತ್ತಾರು ಪಟ್ಟನ್ನು ಗಾಳಿಗೆ ದಾಟಿಸಬಲ್ಲುದು. ಕೆಲವೇ ವಾಟ್‌ಗಳ ವರ್ಧಕದಿಂದ ಸಾವಿರಾರು ಆಸನಗಳ ಭವನವನ್ನು ತುಂಬಬೇಕಾಗಿದ್ದ ಆ ದಿನಗಳಲ್ಲಿ ಆಯ್ಕೆಯೇ ಇರಲಿಲ್ಲ. ಬೆಲ್ ಪ್ರಯೋಗಾಲಯದ ಎಡ್ವರ್ಡ್ ವೆಂಟ್ ಮತ್ತು ಆಲ್ಬರ್ಟ್ ಥುರಾಸ್ ರೂಪಿಸಿದ ಕಹಳೆಯ ಚಾಲಕವು, ಎಂದರೆ ಸುರುಳಿಯೂ ಪಟಲವೂ ಸೇರಿದ ನಾದ ಹೊರಡಿಸುವ ಭಾಗವು, 1926ರಲ್ಲಿ ವೈಟಾಫೋನ್ ಎಂಬ ಪದ್ಧತಿಯ ಧ್ವನಿಚಿತ್ರಗಳಿಗೆ ಕಂಠವಾಯಿತು. ಮೂಕಚಿತ್ರಗಳ ಯುಗ ಮೂರು ನಾಲ್ಕು ವರ್ಷಗಳಲ್ಲಿ ಅಸ್ತಮಿಸಿತು. ಆದರೆ ಮಂದ್ರಕ್ಕೊಂದು, ತಾರಕ್ಕೊಂದು ಎಂದು ಬೇರೆಬೇರೆ ಕಹಳೆಗಳನ್ನು ಇಟ್ಟಾಗ, ಉದ್ದವಾದ ಮಂದ್ರದ ಕಹಳೆಯೊಳಗೆ ಸುತ್ತಿಬರುವ ಧ್ವನಿಯು ತಾರದ ಧ್ವನಿಗಿಂತ ಹಿಂದೆ ಬೀಳುತ್ತಿತ್ತು. ನರ್ತಕಿ ಎಲಿನರ್ ಪವೆಲಳ ಪಾದರಕ್ಷೆಯ ಒಂದು ತಾಡನವು ಚಿತ್ರಮಂದಿರದಲ್ಲಿ ಎರಡಾಗಿ ಕೇಳಿಬಂದುದೇ ಈ ದೋಷವನ್ನು ಬಯಲಿಗೆಳೆಯಿತೆಂದು ಎಂಜಿನಿಯರುಗಳ ವೃತ್ತಾಂತಗಳು ಹೇಳುತ್ತವೆ. ಎಂ.ಜಿ.ಎಂ. ಚಿತ್ರಸಂಸ್ಥೆಯ ಡಗ್ಲಸ್ ಶಿಯರರ್ ಮತ್ತು ಜಾನ್ ಹಿಲ್ಯರ್ಡ್ ಮುಂದಾಳುಗಳಾಗಿ 1936ರ ಹೊತ್ತಿಗೆ ಮಂದ್ರದ ಕಹಳೆಯನ್ನು ಗಿಡ್ಡದಾಗಿಸಿ ಎರಡರ ದಾರಿಯನ್ನೂ ಸರಿಹೊಂದಿಸಿದರು; ಆ ವ್ಯವಸ್ಥೆಗೆ ಚಲನಚಿತ್ರ ಅಕಾಡೆಮಿಯ ತಾಂತ್ರಿಕ ಪುರಸ್ಕಾರ ಸಂದಿತು. ಅದರ ಚಾಲಕಗಳನ್ನು ತಯಾರಿಸಿಕೊಟ್ಟ ಜೇಮ್ಸ್ ಲ್ಯಾನ್ಸಿಂಗ್ ಲೋಹವನ್ನು ಹದಗೊಳಿಸುವುದರಲ್ಲಿ ಅದ್ವಿತೀಯನಾಗಿದ್ದು ವ್ಯಾಪಾರದಲ್ಲಿ ಸಾಲದಿಂದ ಸಾಲಕ್ಕೆ ಜಾರುತ್ತ, 1949ರಲ್ಲಿ ತನ್ನ ಕೈಯಾರೆ ಪ್ರಾಣವನ್ನು ಕಳೆದುಕೊಂಡನು. ಆತನ ಮೂರು ಆದ್ಯಕ್ಷರಗಳನ್ನು ಹೊತ್ತ ಕಂಪೆನಿಯ ಹೆಸರು ಇಂದು ಸಣ್ಣ ಸಣ್ಣ ಊರುಗಳ ಅಂಗಡಿಗಳಲ್ಲಿಯೂ ಕಾಣುತ್ತದೆ.

ಕನ್ನಡ ನಾಡಿಗೆ ಚಿತ್ರಮಂದಿರದ ಈ ವಿದ್ಯೆ ತಲಪಿದುದು 1930ರ ದಶಕದಲ್ಲಿ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಮರುವರ್ಷ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಟೂರಿಂಗ್ ಟಾಕೀಸುಗಳ ಡೇರೆಗಳ ನೆತ್ತಿಯಿಂದಲೂ, ಜಾತ್ರೆಯ ಮಂಟಪಗಳಿಂದಲೂ, ಚುನಾವಣೆಯ ಜಟಕಾಗಳಿಂದಲೂ ಕೂಗಿದ್ದು ತಗಡಿನ ಕಹಳೆಯೇ ಹೊರತು ರೈಸ್–ಕೆಲಾಗರ ಶಂಕುವಲ್ಲ. ಬ್ಯಾಟರಿಯೊಂದರ ಅಲ್ಪಶಕ್ತಿಯಿಂದ ನಾಲ್ಕು ಹಳ್ಳಿಗಳಿಗೆ ಕೇಳಿಸಬೇಕಾದಾಗ ಮಂದ್ರವನ್ನು ತ್ಯಾಗಮಾಡುವುದು ಅನಿವಾರ್ಯವಾಗಿತ್ತು. ಹಳೆಯ ಚಿತ್ರಗೀತೆಗಳು ಎರಡು ತಲೆಮಾರಿನ ನಮ್ಮ ಜನರ ನೆನಪಿನಲ್ಲಿ ಆ ತೀಕ್ಷ್ಣವಾದ, ತಳವಿಲ್ಲದ ಕಂಠದಿಂದಲೇ ಉಳಿದುಕೊಂಡಿರುವುದಕ್ಕೆ ಕಾರಣ ಇದೇ.

ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮದಲ್ಲಿ ಪ್ರಶ್ನೆಯ ನೆಲೆ ಚಿತ್ರಮಂದಿರದಿಂದ ಮನೆಯ ಹಜಾರಕ್ಕೆ ಬದಲಾಯಿತು. ದೀರ್ಘಾವಧಿಯ ಧ್ವನಿಮುದ್ರಿಕೆ 1948ರಲ್ಲಿ ಬಂದು, ಹಿಂದೆ ತಟ್ಟೆಯ ಮೇಲೆ ಕೆತ್ತಲಾಗದಿದ್ದ ಮಂದ್ರಸ್ವರಗಳು ಈಗ ತಟ್ಟೆಯಲ್ಲಿದ್ದುವು, ಆದರೆ ಅವನ್ನು ನುಡಿಸಬಲ್ಲ ಪೆಟ್ಟಿಗೆ ಅಲ್ಮೆರಾದಷ್ಟು ದೊಡ್ಡದಾಗಿರಬೇಕಾಗಿತ್ತು. ಆರ್ಕನ್ಸಾದ ಪಾಲ್ ಕ್ಲಿಪ್ಷ್ ಕಹಳೆಯನ್ನು ಮಡಚಿ ಕೋಣೆಯ ಮೂಲೆಗೆ ಒರಗಿಸಿ, ಗೋಡೆಗಳನ್ನೇ ಕಹಳೆಯ ಮುಂದುವರಿಕೆಯಾಗಿ ಉಪಯೋಗಿಸುವ ಜಾಣತನವನ್ನು ತೋರಿಸಿದನು. ಅಂಥದಕ್ಕೆ ಮನೆಯಲ್ಲಿ ಬರಿದಾದ ಮೂಲೆಯೊಂದು ಬೇಕು.

ನ್ಯೂಯಾರ್ಕಿನಲ್ಲಿ ಧ್ವನಿಪುನರುತ್ಪಾದನೆಯನ್ನು ಪಾಠಹೇಳುತ್ತಿದ್ದ ಎಡ್ಗರ್ ವಿಲ್ಚರನು ಬೇರೊಂದು ಕಡೆಯಿಂದ ಯೋಚಿಸಿದನು. ಶಂಕುವನ್ನು ಅದರ ಸ್ಥಾನಕ್ಕೆ ಹಿಂದಿರುಗಿಸುವ ಸ್ಪ್ರಿಂಗಿನ ಕೆಲಸವನ್ನು ಅಲ್ಲಿಯವರೆಗೆ ಅಂಚಿನ ಕಾಗದವೋ ಬಟ್ಟೆಯೋ ಮಾಡುತ್ತಿದ್ದಿತು, ಮತ್ತು ಮಂದ್ರದಲ್ಲಿ ಶಂಕುವು ದೂರದೂರಕ್ಕೆ ಚಲಿಸಿದಾಗ ಆ ಬಟ್ಟೆ ಒಂದೇ ಸಮನಾಗಿ ಎಳೆಯದೆ ಸ್ವರವನ್ನು ಕೆಡಿಸುತ್ತಿದ್ದಿತು. ಬಟ್ಟೆಯನ್ನು ಅತಿಮೆದುವಾಗಿಸಿ, ಪೆಟ್ಟಿಗೆಯನ್ನು ಗಾಳಿ ಸೋರದಂತೆ ಮುಚ್ಚಿ, ಒಳಗಣ ಗಾಳಿಯನ್ನೇ ಸ್ಪ್ರಿಂಗನ್ನಾಗಿ ಮಾಡಿದರೆ? ಗಾಳಿಯ ಸ್ಪ್ರಿಂಗು ಬಟ್ಟೆಯದಕ್ಕಿಂತ ಎಷ್ಟೋ ಸಮಪ್ರಮಾಣದ್ದು. ಅದು ಬಿಗಿಯಾಗಿರಬೇಕಾದರೆ ಪೆಟ್ಟಿಗೆ ಚಿಕ್ಕದಾಗಿಯೇ ಇರಬೇಕು. ಪೆಟ್ಟಿಗೆಯ ಸಣ್ಣತನವು ಸಹಿಸಬೇಕಾದ ಕೊರತೆಯಾಗಿದ್ದುದು ಈ ಒಂದು ಆಲೋಚನೆಯಿಂದ ವಿನ್ಯಾಸಕ್ಕೆ ಬೇಕಾದ ಗುಣವಾಗಿ ಪರಿಣಮಿಸಿತು. ತನ್ನ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್‌ನೊಡನೆ ಸೇರಿ ವಿಲ್ಚರನು 1954ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜಿನಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಕಂಪೆನಿಯನ್ನು ಸ್ಥಾಪಿಸಿ, ಕಪಾಟಿನ ಅರೆಯ ಮೇಲೆ ಕೂರಬಲ್ಲ ಎ.ಆರ್.-1 ಎಂಬ ಪೆಟ್ಟಿಗೆಯನ್ನು ಮಾರಿದನು; 1958ರಲ್ಲಿ ಗುಮ್ಮಟದಾಕೃತಿಯ ತಾರಪಟಲಗಳುಳ್ಳ ಎ.ಆರ್.-3 ಅದನ್ನು ಹಿಂಬಾಲಿಸಿತು. ಕಾಲವೂ ಅನುಕೂಲವಾಗಿ ಒದಗಿತು. ಅದೇ ವೇಳೆಗೆ ಸ್ಟೀರಿಯೊ ತಟ್ಟೆಗಳು ಬಂದು ಪ್ರತಿ ಮನೆಗೂ ಒಂದರ ಬದಲು ಎರಡು ಪೆಟ್ಟಿಗೆಗಳು ಬೇಕಾದುವು, ಎರಡು ಅಲ್ಮೆರಾಗಳಿಗೆ ಎಡೆಯಿರುವ ಹಜಾರ ಎಷ್ಟು ಜನರಿಗಿದ್ದೀತು? 1966ರ ಹೊತ್ತಿಗೆ ಅಮೆರಿಕದ ಮನೆಬಳಕೆಯ ಧ್ವನಿವರ್ಧಕಗಳ ಮಾರಾಟದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಈ ಒಂದೇ ಕಂಪೆನಿಗೆ ಸೇರಿತ್ತು.

ಈ ಜಯಕ್ಕೂ ಬೆಲೆ ತೆರಬೇಕಾಯಿತು. ಕ್ಲಾಸ್‌ನೊಡನೆ ಬೇರೊಂದು ಕಂಪೆನಿಯನ್ನು ಕಟ್ಟಿದ ಆಂಟನ್ ಹಾಫ್ಮನ್ ಎಂಬಾತನ ಹೆಸರಿನಿಂದ ಪ್ರಸಿದ್ಧವಾದ ನಿಯಮವೊಂದುಂಟು: ಪೆಟ್ಟಿಗೆಯ ಗಾತ್ರ, ಮಂದ್ರದ ಆಳ, ದಕ್ಷತೆ, ಈ ಮೂರರಲ್ಲಿ ಎರಡನ್ನು ಆರಿಸಿಕೊಂಡೊಡನೆ ಮೂರನೆಯದು ನಮ್ಮ ಕೈ ತಪ್ಪಿ ತಾನಾಗಿಯೇ ನಿಶ್ಚಿತವಾಗುತ್ತದೆ. ವಿಲ್ಚರನ ಪೆಟ್ಟಿಗೆ ಚಿಕ್ಕದೂ ಆಳವಾದ ಮಂದ್ರವುಳ್ಳದ್ದೂ ಆಗಿದ್ದುದರಿಂದ ದಕ್ಷತೆಯನ್ನು ಕಳೆದುಕೊಂಡಿತು. ಅದಕ್ಕೆ ಹತ್ತಾರು ವಾಟ್‌ಗಳ ವರ್ಧಕ ಅಗತ್ಯವಾಯಿತು, ಅದನ್ನು ಅಗ್ಗವಾಗಿ ಒದಗಿಸಿದುದು 1960ರ ದಶಕದ ಟ್ರಾನ್ಸಿಸ್ಟರು. ಆತನ ಪೇಟೆಂಟು ಕೂಡ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ, ಆರ್‌.ಸಿ.ಎ. ಸಂಸ್ಥೆಯ ಹ್ಯಾರಿ ಆಲ್ಸನ್ನನ ಹಿಂದಣ ಪೇಟೆಂಟೊಂದು ಅದೇ ಭಾವವನ್ನು ಸೂಚಿಸಿತ್ತೆಂಬ ವಾದವು ಗೆದ್ದಿತು. ಆಲ್ಸನ್ ಸೂಚಿಸಿದ್ದು ಎಷ್ಟು, ವಿಲ್ಚರ್ ಸಾಧಿಸಿದ್ದು ಎಷ್ಟು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ವಿಲ್ಚರನು 1967ರಲ್ಲಿ ಕಂಪೆನಿಯನ್ನು ಮಾರಿ ಶ್ರವಣಯಂತ್ರಗಳ ಸಂಶೋಧನೆಗೆ ತಿರುಗಿ, ಅಲ್ಲಿ ಕಂಡುಕೊಂಡುದನ್ನು ಪೇಟೆಂಟು ಮಾಡದೆ ಪ್ರಕಟಿಸಿದನು. ಕಿವಿ ಮಂದವಾದವರಿಗಾಗಿ ಆತನು ಮಾಡಿದ ಆ ಕೆಲಸವು ಎ.ಆರ್. ಪೆಟ್ಟಿಗೆಗಳಿಗಿಂತ ಹೆಚ್ಚಿನ ಗೌರವಕ್ಕೆ ಅರ್ಹವೆಂದು ನಾನು ಎಣಿಸುತ್ತೇನೆ.

ಇನ್ನು ತೆರಪುಳ್ಳ ಪೆಟ್ಟಿಗೆಯ ವೃತ್ತಾಂತ. ಪೆಟ್ಟಿಗೆಯಲ್ಲಿ ಒಂದು ರಂಧ್ರವನ್ನು ಕೊರೆದು, ಶಂಕುವಿನ ಹಿಂದಣ ಅಲೆಯು ಮುಂದಣದರೊಡನೆ ಹೊಂದಿಕೊಂಡು ಹೊರಬರುವಂತೆ ಮಾಡಿ ಮಂದ್ರವನ್ನು ಪುಷ್ಟಗೊಳಿಸುವ ಉಪಾಯಕ್ಕೆ ಥುರಾಸನು 1930ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದ್ದನು. ಆದರೆ ರಂಧ್ರವೆಷ್ಟು ದೊಡ್ಡದಿರಬೇಕು, ಯಾವ ಚಾಲಕಕ್ಕೆ ಎಷ್ಟು ದೊಡ್ಡ ಪೆಟ್ಟಿಗೆ ಸಲ್ಲುತ್ತದೆ ಎಂಬುದನ್ನು ಮೂವತ್ತು ವರ್ಷಗಳ ಕಾಲ ಊಹೆಯೂ ಗರಗಸವೂ ನಿರ್ಣಯಿಸಿದುವು, ಮತ್ತು ಇಂಥ ಪೆಟ್ಟಿಗೆಗಳು ಒಂದೇ ಸ್ವರದಲ್ಲಿ ಗುಡುಗುತ್ತವೆಂಬ ಅಪಖ್ಯಾತಿಯನ್ನು ಹೊತ್ತುವು. ಸಿಡ್ನಿಯಲ್ಲಿ ಇ.ಎಂ.ಐ. ಕಂಪೆನಿಯ ಎಂಜಿನಿಯರಾಗಿದ್ದ ನೆವಿಲ್ ಥೀಲ್ ಈ ಕತ್ತಲೆಗೆ ಬೆಳಕನ್ನು ತಂದನು. ಪೆಟ್ಟಿಗೆ, ರಂಧ್ರ, ಶಂಕು, ಸುರುಳಿ ಎಲ್ಲವೂ ಸೇರಿ ವಿದ್ಯುನ್ಮಂಡಲದ ಸೋಸುಕದಂತೆಯೇ (ಫಿಲ್ಟರಿನಂತೆಯೇ) ವರ್ತಿಸುತ್ತವೆಂದೂ, ಆದುದರಿಂದ ಟೆಲಿಫೋನ್ ಎಂಜಿನಿಯರುಗಳು ಎಂದೋ ಸಿದ್ಧಪಡಿಸಿಟ್ಟ ಸೋಸುಕಗಳ ಗಣಿತವನ್ನು ಇಲ್ಲಿಗೆ ಹಾಗೆಯೇ ತರಬಹುದೆಂದೂ ಆತನು ತೋರಿಸಿ, 28 ಬಗೆಯ ಹೊಂದಾಣಿಕೆಗಳ ಪಟ್ಟಿಯೊಂದನ್ನು ಕೊಟ್ಟನು. ಚಾಲಕದ ನಾಲ್ಕಾರು ಗುಣಾಂಕಗಳನ್ನು ಅಳೆದರೆ ಸಾಕು, ಪೆಟ್ಟಿಗೆಯ ಲೆಕ್ಕವು ಹಲಗೆಯನ್ನು ಕೊಯ್ಯುವ ಮೊದಲೇ ಮುಗಿಯುತ್ತದೆ.

ಈ ಪ್ರಬಂಧ ಪ್ರಕಟವಾದುದು 1961ರಲ್ಲಿ, ಆಸ್ಟ್ರೇಲಿಯದ ರೇಡಿಯೊ ಎಂಜಿನಿಯರುಗಳ ಸಂಸ್ಥೆಯ ನಡವಳಿಗಳಲ್ಲಿ. ಹೊರಗಿನ ಜಗತ್ತು ಆ ಸಂಪುಟವನ್ನು ಓದುತ್ತಿರಲಿಲ್ಲ. ಅಮೆರಿಕದಿಂದ ಸಿಡ್ನಿ ವಿಶ್ವವಿದ್ಯಾನಿಲಯಕ್ಕೆ ಸಂಶೋಧನೆಗಾಗಿ ಬಂದ ರಿಚರ್ಡ್ ಸ್ಮಾಲ್ ಅದರ ಮಹತ್ತ್ವವನ್ನು ಗ್ರಹಿಸಿ ಅದನ್ನು ಮುಂದುವರಿಸಿದನು. 1971ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಥೀಲನ ಪ್ರಬಂಧವನ್ನು ಪುನರ್ಮುದ್ರಿಸಿತು, ಮುಂದಿನ ಎರಡು ವರ್ಷಗಳಲ್ಲಿ ಸ್ಮಾಲನ ಪ್ರಬಂಧಮಾಲೆಯೂ ಅಲ್ಲಿಯೇ ಬೆಳಕು ಕಂಡಿತು. ಬೇಕಾಗಿದ್ದ ಗಣಿತವೆಲ್ಲವೂ ಮುದ್ರಿತವಾಗಿ ಕೈಗೆಟುಕುವಂತಿದ್ದೂ ಹತ್ತು ವರ್ಷ ಲೋಕವು ರಂಧ್ರಗಳನ್ನು ಊಹೆಯಿಂದಲೇ ಕೊರೆಯುತ್ತಿದ್ದಿತೆಂಬುದನ್ನು ನೆನೆದಾಗ ಮನಸ್ಸಿಗೆ ನೋವಾಗುತ್ತದೆ. ಇಂದು ಮಂದ್ರದ ಚಾಲಕವನ್ನು ಮಾರುವ ಬಹುಪಾಲು ಕಂಪೆನಿಗಳು ಥೀಲ್–ಸ್ಮಾಲ್ ಗುಣಾಂಕಗಳನ್ನು ಜೊತೆಗೆ ಕೊಡುತ್ತವೆ, ಮತ್ತು ಮನೆಯಲ್ಲಿ ತಾನೇ ಪೆಟ್ಟಿಗೆಯನ್ನು ಕಟ್ಟುವ ಹವ್ಯಾಸಿಯೂ ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಕ್ಷಣಮಾತ್ರದಲ್ಲಿ ಮಾಡುತ್ತಾನೆ.

ದ್ರವ್ಯಗಳೂ ಈ ಮಧ್ಯೆ ಸುಧಾರಿಸಿದುವು. ವಿದ್ಯುದಯಸ್ಕಾಂತದ ಸ್ಥಾನಕ್ಕೆ ಅಲ್ನಿಕೊ, ಅಲ್ನಿಕೊವಿನ ಸ್ಥಾನಕ್ಕೆ ಫೆರೈಟ್, 1980ರ ದಶಕದಿಂದೀಚೆಗೆ ನಿಯೋಡೈಮಿಯಮ್. ಕಾಗದದ ಜೊತೆಗೆ ಪಾಲಿಪ್ರಾಪಿಲೀನ್. ಶಂಕುವನ್ನೇ ತ್ಯಜಿಸಿದ ಪ್ರಯತ್ನಗಳಲ್ಲಿ ಇಂಗ್ಲೆಂಡಿನ ಪೀಟರ್ ವಾಕರನು 1957ರಲ್ಲಿ ಮಾರುಕಟ್ಟೆಗೆ ತಂದ ಸ್ಥಾಯೀವಿದ್ಯುತ್ತಿನ ಕ್ವಾಡ್ ಅತ್ಯಂತ ಸುಂದರವಾದುದು. ಸೂಕ್ಷ್ಮವಾದ ಪೊರೆಯೊಂದರ ಇಡೀ ಮೈ ಏಕಕಾಲದಲ್ಲಿ ಕಂಪಿಸುವುದರಿಂದ ಅದರ ಕಂಠಸ್ವರಗಳ ಸ್ವಚ್ಛತೆಗೆ ಸಾಟಿ ದೊರೆಯುವುದು ಕಷ್ಟ. ಆದರೆ ಮಂದ್ರದಲ್ಲಿ ಅದಕ್ಕೆ ಬಲವಿಲ್ಲ.

ಉಳಿದಿದ್ದ ಕೊನೆಯ ಅಜ್ಞಾತಪ್ರದೇಶ ಮನುಷ್ಯನ ಕಿವಿ. ಯಾವ ಧ್ವನಿವರ್ಧಕ ಒಳ್ಳೆಯದೆಂಬುದು ಕೇವಲ ಅಭಿರುಚಿಯ ಮಾತೆಂದೇ ಬಹುಕಾಲ ನಂಬಲಾಗಿತ್ತು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿದ್ದ ಫ್ಲಾಯ್ಡ್ ಟೂಲ್, ಕೇಳುಗರಿಗೆ ಪೆಟ್ಟಿಗೆಗಳು ಕಾಣದಂತೆ ಮರೆಮಾಡಿ ನಡೆಸಿದ ಪರೀಕ್ಷೆಗಳ ಫಲವನ್ನು 1985 ಮತ್ತು 1986ರಲ್ಲಿ ಪ್ರಕಟಿಸಿದಾಗ ಆ ನಂಬಿಕೆ ಅಲುಗಾಡಿತು. ಹೆಸರೂ ಬೆಲೆಯೂ ಆಕೃತಿಯೂ ಕಣ್ಣಿಗೆ ಬೀಳದಿದ್ದಾಗ ಕೇಳುಗರಲ್ಲಿ ಆಶ್ಚರ್ಯಕರವಾದ ಏಕಾಭಿಪ್ರಾಯವಿದ್ದಿತು. ಅವರು ಮೆಚ್ಚಿದುದು ನೇರವಾಗಿ ಮುಂದಕ್ಕೂ ಪಕ್ಕಗಳಿಗೂ ಸಮವಾಗಿ ನುಡಿಯುವ ಯಂತ್ರಗಳನ್ನು. ಪಕ್ಕಕ್ಕೆ ಹರಿದ ಧ್ವನಿ ಗೋಡೆಗಳಿಂದ ಮರಳಿ ಕಿವಿಯನ್ನು ಸೇರುತ್ತದಾದ್ದರಿಂದ ಒಂದೇ ದಿಕ್ಕಿನ ಅಳತೆ ಸಾಲದೆಂಬುದೂ ಇದರಿಂದ ಸ್ಪಷ್ಟವಾಯಿತು. ಯಂತ್ರದ ಸುತ್ತ 70 ದಿಕ್ಕುಗಳಿಂದ ಅಳೆದು ಫಲವನ್ನು ಒಂದೇ ಚಿತ್ರದಲ್ಲಿ ತೋರಿಸುವ ಈ ವಿಧಾನವು ಅಮೆರಿಕದಲ್ಲಿ ಔದ್ಯಮಿಕ ಮಾನಕವಾಗಿ ಅಂಗೀಕೃತವಾದುದು 2013ರಲ್ಲಿ, ಎಂದರೆ ರೈಸ್–ಕೆಲಾಗರ ಪ್ರಬಂಧದಿಂದ 88 ವರ್ಷಗಳ ಬಳಿಕ. ಆ ಮಾನಕವನ್ನು ಪಾಲಿಸಲೇಬೇಕೆಂಬ ಕಟ್ಟುಪಾಡು ಇಲ್ಲದಿರುವುದರಿಂದ ಬಹುಮಂದಿ ತಯಾರಕರು ಅಂಥ ಚಿತ್ರವನ್ನು ಪ್ರಕಟಿಸುತ್ತಿಲ್ಲ, ಮತ್ತು ಕೊಳ್ಳುವವನು ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಿಸಿದ ವಾಟ್‌ಗಳ ಸಂಖ್ಯೆಯನ್ನೇ, ಅಂದರೆ ಬಹುಪಾಲು ಸುರುಳಿಯನ್ನು ಬಿಸಿಮಾಡುವುದಕ್ಕೆ ವ್ಯಯವಾಗುವ ಶಕ್ತಿಯ ಪ್ರಮಾಣವನ್ನೇ, ನಾದದ ಅಳತೆಯೆಂದು ನಂಬಿ ಕೊಳ್ಳುತ್ತಿದ್ದಾನೆ.